ಹೊಲಿಯದ ಪುಸ್ತಕ

ದೇವಿಕೆರೆ ತಿರುವಿನಲ್ಲಿ ನಮ್ಮದು ಬೈಂಡಿಂಗ್ ಅಂಗಡಿ.
ಸೊಸೈಟಿಯ ಲೆಡ್ಜರು, ಕೋರ್ಟಿನ ಕಡತ,
ಒಮ್ಮೊಮ್ಮೆ ಯಾರದೋ ಅಜ್ಜನ ಹರಿದ ಪಂಚಾಂಗ.
ಮೈದಾ ಅಂಟು, ಮೈಲುತುತ್ತ, ಮೇಣ ಸವರಿದ ದಾರ
ಅಪ್ಪ ಬಿಟ್ಟುಹೋದದ್ದು ಇಷ್ಟೇ,
ಜೊತೆಗೊಂದು ಮಾತು:
ಹೊಲಿಗೆ ಗಟ್ಟಿಯಿದ್ದರೆ ಪುಸ್ತಕ ಗಟ್ಟಿ, ಯಮುನೆ.

ಮುಂಡಗೋಡದ ಬಸ್ಸಿಳಿದು ಬಂದರು ಜಂಪೆಲ್.
ಮೈಮೇಲೆ ಕೆಂಪು ಚೀವರ, ಕಾಲಿಗೆ ಹವಾಯಿ ಚಪ್ಪಲಿ,
ಬಾಯಲ್ಲಿ ಹುಬ್ಬಳ್ಳಿ ಕಡೆಯ ಕನ್ನಡ,
ನನ್ನದಕ್ಕಿಂತ ಜೋರು.
ಕಂಕುಳಿಂದ ಇಳಿಸಿದ್ದು
ಮೊಳದುದ್ದ, ಗೇಣಿಗೂ ಕಮ್ಮಿ ಅಗಲದ
ಬಿಡಿ ಹಾಳೆಗಳ ಕಟ್ಟು.
"ದಾರಾ ಹಾಕಬ್ಯಾಡ್ರಿ ಅಕ್ಕಾರ.
ಮ್ಯಾಲೊಂದು ಹಲಗಿ, ಕೆಳಗೊಂದು ಹಲಗಿ, ಸಾಕು."

ಹೊಲಿಯಬೇಡ ಅಂದರೆ ನನಗೆ ಮತ್ತೇನು ಕೆಲಸ?
ಕೇಳಿಯೇಬಿಟ್ಟೆ, ಎಂತಕ್ಕೆ?

ಸ್ಟೂಲಿನ ಮೇಲೆ ಕೂತು ಚಾ ಆರಿಸುತ್ತ ಹೇಳಿದರು:
ನಾಲಂದಾ ಅಂತ ಒಂದಿತ್ತು.
ಅಲ್ಲಿ ಬಾಗಿಲು ಕಾಯುವವನೇ ಪಂಡಿತ;
ಅವನ ಪ್ರಶ್ನೆಗೆ ತಡವರಿಸಿದವರು
ಗಂಟು ಬಿಚ್ಚದೆ ಬಂದ ದಾರಿ ಹಿಡಿಯಬೇಕು.
ಆಮೇಲೆ ಬೆಂಕಿ.
ತಿಂಗಳುಗಟ್ಟಲೆ ಹೊಗೆಯಾಡಿತಂತೆ ಓಲೆಗರಿ.
ಅದಕ್ಕೂ ಮೊದಲು ಯಾರೋ ಹಿಮ ದಾಟಿಸಿದ್ದು,
ಬೇರೆ ಮಾತಿಗೆ ತಿರುಗಿಸಿ ಬರೆದಿಟ್ಟದ್ದು ಉಳಿಯಿತು.
ಅಲ್ಲಿಂದಲೂ ಓಡುವ ದಿನ ಬಂದಾಗ
ಗುರುವಿನ ಗುರು ಅರ್ಧ ಕಟ್ಟು ಹೊತ್ತರು,
ಉಳಿದರ್ಧ ಒಬ್ಬ ಕುರಿ ಕಾಯುವವ.
"ಹೊಲದಿದ್ರ ಒಬ್ಬಾಂವನ ಹೊರಬೇಕು.
ಬಿಡಿ ಇದ್ರ ಎಲ್ಲಾರೂ ಹೊರಬೌದು."
ನಕ್ಕರು. ನಿಜವೋ ತಮಾಷೆಯೋ, ನಾನು ಕೇಳಲಿಲ್ಲ.
ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು,
"ನಿಮ್ಮ ಬನವಾಸಿಗೂ ಬಂದಿದ್ರಂತ ಆಗಿನ ಕಾಲದ ಭಿಕ್ಷುಗಳು.
ನೀವು ಮರ್ತೀರಿ. ಇರ್ಲಿ."

ಹಲಸಿನ ಹಲಗೆ ಕೆತ್ತಿಸಲು ಎಂಟು ದಿನ.
ಎಂಟನೆಯ ದಿನವೇ ಆಯಿತು ಆ ಗಾಳಿ.
ಹುಬ್ಬಳ್ಳಿ ಗಾಡಿ ತಿರುವಿನಲ್ಲಿ ಭರ್ರನೆ ಹೊರಳಿದ್ದೇ
ಮೇಜಿನ ಮೇಲಿನ ಇನ್ನೂರ ಹನ್ನೆರಡು ಹಾಳೆ
ಕೊಕ್ಕರೆ ಹಿಂಡಿನ ಹಾಗೆ ಎದ್ದು ರಸ್ತೆಗಿಳಿದವು.
ನನ್ನ ಕೈಯಲ್ಲಿ ಸೂಜಿ. ದಾರವೂ ಪೋಣಿಸಿತ್ತು!
ಅಪ್ಪಾ, ಎಂದೆ.

ಮೊದಲು ಓಡಿದವ ಆಟೋದ ಇಸ್ಮಾಯಿಲ.
ಆಮೇಲೆ ಸಮವಸ್ತ್ರದ ಇಬ್ಬರು ಹುಡುಗಿಯರು,
ಪಕೋಡದ ಬಾಣಲೆ ಬಿಟ್ಟು ಗಡಿಯಾರದ ಹಾಗೆ ಕುಂಟುತ್ತ ತಿಮ್ಮಣ್ಣ,
ಕಡೆಗೆ ಜಾಮೀನಿಗೆ ಬಂದಿದ್ದ ಯಾವನೋ.
ಚರಂಡಿಯ ಅಂಚಿನಿಂದ, ಟೈರಿನ ಅಡಿಯಿಂದ,
ಕೆರೆ ಕಟ್ಟೆಯ ಸಂದಿಯಿಂದ
ಓದಲು ಬಾರದ್ದನ್ನು ಎದೆಗವಚಿ ತಂದರು.
"ಎಂತ ಬರದ್ದೇ ಇದ್ರಲ್ಲಿ?" ಕೇಳಿದಳು ಒಬ್ಬಳು.
ಗೊತ್ತಿಲ್ಲ ಮಗಾ, ನೆಟ್ಟಗೆ ಹಿಡಿ.

ರಾತ್ರಿ ಎಣಿಸಿದೆ. ಇನ್ನೂರ ಹನ್ನೊಂದು.

ಹೇಳುವುದು ಹೇಗೆಂದು ಮುಂಡಗೋಡದ ಬಸ್ಸು ಹತ್ತಿದೆ.
ಮಠದ ಅಂಗಳದಲ್ಲಿ ಛಟ್ ಛಟ್ ಸದ್ದು,
ಯಾರಿಗೋ ಹೊಡೆಯುತ್ತಿದ್ದಾರೆಂದು ಹೆದರಿದೆ.
ಹೊಡೆತವಲ್ಲ, ಪ್ರಶ್ನೆ.
ಒಬ್ಬ ಕೂತಿದ್ದಾನೆ, ಇನ್ನೊಬ್ಬ ನಿಂತು
ಕಾಲು ಅಪ್ಪಳಿಸಿ ಚಪ್ಪಾಳೆಯಲ್ಲಿ ಕೇಳುತ್ತಾನೆ.
ಕೂತವ ಬೆವರುತ್ತಾನೆ. ಸುತ್ತ ನಗು.
ಆ ಬಾಗಿಲ ಪಂಡಿತ ಸತ್ತಿಲ್ಲ ಅನಿಸಿತು,
ಎಂಟು ಶತಮಾನ ನಡೆದು
ಹತ್ತಿ ಹೊಲದ ಮಗ್ಗುಲಿಗೆ ಬಂದು ನಿಂತಿದ್ದಾನೆ.

ಜಂಪೆಲ್ ಹಾಳೆಗಳನ್ನು ಎಲೆ ಅಡಿಕೆ ಜೋಡಿಸಿದಷ್ಟು ಸಲೀಸಾಗಿ ಜೋಡಿಸಿದರು.
"ಎಪ್ಪತ್ಮೂರು ಇಲ್ಲ," ಎಂದರು.
ಕಣ್ಣು ಮುಚ್ಚಿ ಅದನ್ನು ಒಪ್ಪಿಸಿದರು, ಉದ್ದಕ್ಕೂ,
ಆ ಸಣ್ಣ ಕೆಮ್ಮು ಬಿಟ್ಟರೆ ಎಲ್ಲೂ ನಿಲ್ಲದೆ.

ಐದನೆಯ ದಿನ
ಕುಮಟೆಯಿಂದ ಮೀನು ತರುವ ನಾಗು ಹರಿಕಂತ್ರ ಅಂಗಡಿಗೆ ಬಂದಳು.
"ಬುಟ್ಟಿಗೆ ಹಾರಿ ಬಿದ್ದಿತ್ತು. ಕಟ್ಟಿ ಕೊಡುವ ಅಂದ್ಕಂಡೆ,
ಅಕ್ಷರ ದೇವ್ರ ಹಾಂಗೆ ಕಂಡ್ತು, ಬಿಟ್ಟೆ."
ಅಂದರೆ ಆ ಹಾಳೆ ಘಟ್ಟ ಇಳಿದು ಸಮುದ್ರ ನೋಡಿ
ಮತ್ತೆ ಘಟ್ಟ ಹತ್ತಿದೆ.
ಉಪ್ಪು ಕೂತ ಅಂಚು. ಒಣಸಿಗಡಿಯ ವಾಸನೆ.

ಬಿಸಿಲಿಗಿಟ್ಟೆ, ಹೋಗಲಿಲ್ಲ.
ಹಾಗೆಯೇ ಎಪ್ಪತ್ತೆರಡರ ಕೆಳಗೆ ಇಟ್ಟು
ಹಲಗೆ ಮುಚ್ಚಿ ಹಳದಿ ಬಟ್ಟೆ ಸುತ್ತಿ ಕಳಿಸಿದೆ.
ಬಿಲ್ಲಿನಲ್ಲಿ 'ಹೊಲಿಗೆ' ಎಂಬ ಸಾಲಿನ ಮುಂದೆ
ಒಂದು ಸಣ್ಣ ಗೀಟು ಎಳೆದೆ.